ಹೊಂದಲಿಲ್ಲ ಎಂದರು

ಸೆಪ್ಟೆಂಬರ್ 9, 2018

ಈ ನೋಟ್‌ಬುಕ್ ಕೊಟ್ಟವಳು ಡಯಾಲಿಸಿಸ್ ವಾರ್ಡಿನ ನರ್ಸ್. ತಮ್ಮ ಪರಾಖತ್ ದಿನಕ್ಕೆ ಎಷ್ಟು ನೀರು ಕುಡಿದ, ಎಷ್ಟು ತೂಗಿದ ಎಂದು ಬರೆದಿಡಬೇಕಂತೆ. ಮೂರು ಪುಟ ಬರೆದೆ. ಇವತ್ತು ಅವನ ಹೆಂಡತಿ ಪೆರಿಜಾತ್, "ಅದನ್ನ ನಾನು ಬರೀತೀನಿ ಬಿಡಿ ಅಕ್ಕಾ, ನನ್ನ ಗಂಡ ತಾನೆ" ಎಂದು ಬೇರೆ ಪುಸ್ತಕ ಶುರುಮಾಡಿದಳು. ಇದು ನನಗೇ ಉಳಿಯಿತು. ಓದುವವರು ಯಾರೂ ಇಲ್ಲ. ಅವ್ವನಿಗೆ ಕನ್ನಡಕ ಸಿಕ್ಕರೂ ನನ್ನ ಅಕ್ಷರ ಅರ್ಥವಾಗದು.

ಮುಯ್ನಾಕ್ ಬಿಟ್ಟು ನುಕುಸ್‌ಗೆ ಬಂದು ಮೂರು ವಾರವಾಯಿತು. ಪರಾಖತ್‌ನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ಯಂತ್ರ ಅವನ ರಕ್ತ ತೊಳೆಯಬೇಕು. ಇನ್ನೂರು ಕಿಲೋಮೀಟರ್ ದೂರದಿಂದ ಅಷ್ಟು ಸಲ ಓಡಾಡಲಾಗದೆ ಬಜಾರಿನ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೇವೆ. ಅವ್ವ, ಪರಾಖತ್, ಪೆರಿಜಾತ್, ಅವರ ನಾಲ್ಕು ವರ್ಷದ ಮಗಳು ಐಜಾದಾ, ನಾನು. ಅವನಿಗೆ ಮೂವತ್ತೊಂದು. ಹೋದ ಚಳಿಗಾಲದವರೆಗೂ ಅರಣ್ಯ ಇಲಾಖೆಯ ತಂಡದ ಲಾರಿ ಓಡಿಸುತ್ತಿದ್ದ. ಅದೇ ತಂಡದಲ್ಲಿ ನಾನು ಸಸಿ ನೆಡುವವಳು. ಸಮುದ್ರ ಬತ್ತಿದ ನೆಲದಿಂದ ಉಪ್ಪು ಹಾರದಿರಲಿ ಎಂದು ಸಕ್ಸಾವುಲ್ ಗಿಡ ನೆಡುತ್ತೇವೆ.

ವಾರ್ಡಿನಲ್ಲಿ ಹದಿನಾಲ್ಕು ಹಾಸಿಗೆ, ಹತ್ತರಲ್ಲಿ ನಮ್ಮ ಕಡೆಯವರೇ. ಹೊಸಬರು ಬಾಗಿಲಲ್ಲಿ ಕಂಡರೆ ಪರಾಖತ್ ಕೂಗುತ್ತಾನೆ: "ಬನ್ನಿ ಬನ್ನಿ, ಮುಯ್ನಾಕ್ ಬಸ್ಸು ಇದೇ! ಬೇಗ ಸೀಟು ಹಿಡ್ಕೊಳ್ಳಿ. ಎಲ್ಲಿಗೂ ಹೋಗಲ್ಲ, ಅದೊಂದೇ ತೊಂದರೆ."

ಸೆಪ್ಟೆಂಬರ್ 17

ಅವ್ವ ಮರೆತು ಕರಬೂಜ ತಂದುಬಿಟ್ಟಳು. ಅವನು ಒಂದು ಹೋಳು ತಿಂದರೂ ಅದರ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಎದೆ ಬಡಿತ ನಿಲ್ಲಬಹುದು ಎಂದಿದ್ದಾರೆ. "ತಿನ್ನಲ್ಲ ಮಾರಾಯ್ತಿ, ಮೂಸ್ತೀನಿ ಅಷ್ಟೆ. ಮೂಸೋದಕ್ಕೂ ಡಾಕ್ಟರ್ ಚೀಟಿ ಬೇಕಾ?" ಎಂದು ಹೋಳನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕುಳಿತ. ಬಹಳ ಹೊತ್ತು ಕುಳಿತ. ಆಮೇಲೆ ನಾವು ಯಾರೂ ತಿನ್ನಲಿಲ್ಲ. ಪಕ್ಕದ ಮನೆಗೆ ಕೊಟ್ಟೆವು.

ಸೆಪ್ಟೆಂಬರ್ 26

ಕುಂಗ್ರಾದ್‌ನಿಂದ ಚಿಕ್ಕವ್ವ ಬಂದಿದ್ದಳು. ಚಹಾ ಕುಡಿಯುತ್ತಾ, ಕುರಿ ಹಂಚುವ ಮಾತಿನ ಹಾಗೆ ಅಂದಳು: "ಅಕ್ಕಯ್ಯ, ನಿನಗೆ ಬಿ.ಪಿ. ಅಂತಾರೆ, ಸೊಸೆ ರಕ್ತದ ಗುಂಪೇ ಬೇರೆ ಅಂತಾರೆ. ಅದಕ್ಯಾಕೆ ಚಿಂತೆ? ಸರ್ಬಿ ಇದ್ದಾಳಲ್ಲ. ಗಂಡ ಇಲ್ಲ, ಮಕ್ಕಳಿಲ್ಲ. ಅವಳಿಗೆ ಎರಡು ಕಿಡ್ನಿ ಯಾಕೆ?"

ಅವ್ವ ತಲೆಯಾಡಿಸಿದಳು. "ಸರ್ಬಿನಾಜ್ ಕೊಡ್ತಾಳೆ. ಅದು ಕೇಳೋ ಮಾತಾ?"

ಕೇಳಲೂ ಇಲ್ಲ. ನಾನು ಅಲ್ಲೇ ಕುಳಿತು ಅವರ ಬಟ್ಟಲಿಗೆ ಚಹಾ ಸುರಿಯುತ್ತಿದ್ದೆ.

ಆಮೇಲೆ ಅಂಗಳದ ನಲ್ಲಿಯ ಹತ್ತಿರ ಪೆರಿಜಾತ್ ಪಾತ್ರೆ ತೊಳೆಯುತ್ತಾ, "ನೀವು ದೇವರಂಥೋರು ಅಕ್ಕಾ" ಎಂದಾಗ ನನಗೆ ತಡೆಯಲಾಗಲಿಲ್ಲ. "ದೇವರೂ ಇಲ್ಲ ದಿಂಡರೂ ಇಲ್ಲ" ಎಂದೆ. "ಅಪ್ಪ ಸತ್ತಾಗ ನನಗೆ ಹದಿನಾಲ್ಕು. ಶಾಲೆ ಬಿಡಿಸಿ ಮೀನಿನ ಕಾರ್ಖಾನೆಗೆ ಹಾಕಿದ್ರು. ಅಲ್ಮಾತಿಯಲ್ಲಿ ಹನ್ನೊಂದು ವರ್ಷ ಹೋಟೆಲ್ ಪಾತ್ರೆ ತೊಳೆದು ಇವನನ್ನ ಬೆಳೆಸಿದೆ. ಕೈ ಹಿಡೀತೀನಿ ಅಂತ ಬಂದೋನಿಗೆ ತಮ್ಮನ ಮದುವೆ ಆಗ್ಲಿ ತಾಳು, ತಾಳು ಅಂತ ಹೇಳಿಸಿದ್ರು, ಅವನೂ ಓಡಿಹೋದ. ಈಗ ಹೊಟ್ಟೆ ಕುಯ್ದು ತಗೋತೀರಾ? ನಾನೇನು ಮನುಷ್ಯಳಾ, ನಿಮ್ಮ ಮನೆ ಉಗ್ರಾಣಾನಾ?"

ಪೆರಿಜಾತ್‌ಳ ಕೈಯಿಂದ ತಟ್ಟೆ ಜಾರಿತು. ತಿರುಗಿ ನೋಡಿದರೆ ಪರಾಖತ್ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದ. "ನಲ್ಲಿ ಖಾಲಿ ಇದೆಯಾ? ಮುಖ ತೊಳೀಬೇಕಿತ್ತು" ಎಂದ. ನಲ್ಲಿಯ ಸದ್ದು ಜೋರಾಗಿತ್ತು. ಕೇಳಿಸಿರಲಾರದು.

ಅಕ್ಟೋಬರ್ 4

ಡಾಕ್ಟರ್ ಎಸ್ಬೋಸಿನ್ ನನ್ನೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿದರು. ಐವತ್ತು ದಾಟಿದವರು, ನಿದ್ದೆಯಿಲ್ಲದ ಕಣ್ಣು. ಶಸ್ತ್ರಚಿಕಿತ್ಸೆ ತಾಷ್ಕೆಂಟ್‌ನಲ್ಲಿ ಆಗುತ್ತದಂತೆ. ನನ್ನ ಪಕ್ಕೆಯಲ್ಲಿ ಒಂದು ಗೇಣು ಗಾಯ. ಒಂದೇ ಕಿಡ್ನಿಯಲ್ಲಿ ಬಾಳಬಹುದು, ಬಹಳ ಜನ ಬಾಳುತ್ತಾರೆ. ಆದರೆ ಭಾರ ಎತ್ತುವ ಕೆಲಸ ಸ್ವಲ್ಪ ಕಾಲ ಬಿಡಬೇಕು, ನೀರು ಒಳ್ಳೆಯದಿರಬೇಕು.

"ನಮ್ಮೂರಲ್ಲಿ ಒಳ್ಳೇ ನೀರು ಎಲ್ಲಿಂದ ತರ್ಲಿ ಡಾಕ್ಟ್ರೇ?" ಎಂದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು:

"ಇದು ನಿಮ್ಮ ಇಷ್ಟಾನಾ? ಯಾರಾದ್ರೂ ಒತ್ತಾಯ ಮಾಡ್ತಿದ್ದಾರಾ? ನಿಜ ಹೇಳಿ. ಈ ಕೋಣೆಯಿಂದ ಆಚೆ ಹೋಗಲ್ಲ."

ಗೋಡೆಯ ಮೇಲಿನ ಚಿತ್ರ ನೋಡಿದೆ. ಎರಡು ಕಿಡ್ನಿ, ಬೆನ್ನಿಗೆ ಬೆನ್ನು ಮಾಡಿ ಕುಳಿತ ಇಬ್ಬರು ಮುದುಕಿಯರ ಹಾಗಿವೆ. "ನನ್ನಿಷ್ಟಾನೇ" ಎಂದೆ. ರಕ್ತ ತೆಗೆದುಕೊಂಡರು, ಒಂಬತ್ತು ಕೊಳವೆ.

ಅಕ್ಟೋಬರ್ 6

ಭಯ. ಬೇರೆ ಏನೂ ಬರೆಯಲು ತೋಚುತ್ತಿಲ್ಲ.

ಅಕ್ಟೋಬರ್ 23

ಹೊಂದಲಿಲ್ಲ.

ರಕ್ತದ ಗುಂಪು ಒಂದೇ ಆದರೂ ಅವನ ರಕ್ತ ನನ್ನ ಜೀವಕೋಶಗಳನ್ನು ವೈರಿಯ ಹಾಗೆ ಕಾಣುತ್ತದಂತೆ. ಹಾಕಿದ ದಿನವೇ ಕಿಡ್ನಿಯನ್ನು ಕೊಲ್ಲುತ್ತದಂತೆ. ಡಾಕ್ಟರು ಕಾಗದ ನೋಡಿಕೊಂಡೇ ಹೇಳಿದರು, ನನ್ನ ಮುಖ ನೋಡಲಿಲ್ಲ. ಅವ್ವ ನನ್ನಿಂದ ಮುಖ ತಿರುಗಿಸಿ ಹೊರಗೆ ನಡೆದಳು.

ನಿಜ ಬರೆಯುತ್ತೇನೆ, ಇಲ್ಲಾದರೂ. ಎದೆಯ ಮೇಲಿಂದ ಚಪ್ಪಡಿ ಇಳಿದಂತಾಯಿತು. ಮನೆಗೆ ಬಂದು ಎರಡು ಬಟ್ಟಲು ಗುರ್ತಿಕ್ ತಿಂದೆ, ಹಿಟ್ಟಿನ ಬಿಲ್ಲೆಗಳನ್ನು ಮಾಂಸದ ಸಾರಿನ ಸಮೇತ. ಮೂರು ವಾರದ ಮೇಲೆ ರುಚಿ ಗೊತ್ತಾಯಿತು.

ಅವ್ವ ನನ್ನೊಡನೆ ಮಾತಾಡುತ್ತಿಲ್ಲ. ಪರಾಖತ್ ಮಾತ್ರ ಹಗುರಾಗಿದ್ದ. "ನೋಡ್ದಾ, ನೀನು ನನ್ನ ಅಕ್ಕಾನೇ ಅಲ್ಲ! ಅವ್ವ ನಿನ್ನನ್ನ ಕಾರ್ಖಾನೆ ಗೇಟಲ್ಲಿ ಮೀನಿನ ಡಬ್ಬಿ ಜೊತೆ ಹೆಕ್ಕಿಕೊಂಡು ಬಂದಿದ್ದು. ನನಗೆ ಮೊದಲೇ ಡೌಟಿತ್ತು." ಅವನು ಅಷ್ಟು ನಗುವುದು ನೋಡಿ ನನಗೆ ಸಿಟ್ಟೇ ಬಂತು.

ನವೆಂಬರ್ 28

ನೆಡುವ ಕಾಲ ಶುರುವಾಗಿದೆ ಎಂದು ಹತ್ತು ದಿನ ಮುಯ್ನಾಕ್‌ಗೆ ಹೋಗಿದ್ದೆ. ಲಾರಿ ಓಡಿಸುವವನು ಈಗ ಬೇರೆಯವನು, ಹಾಡೂ ಹೇಳುವುದಿಲ್ಲ ಬೈಯುವುದೂ ಇಲ್ಲ. ಗುಂಡಿ ತೋಡುವಾಗ ಗುದ್ದಲಿಗೆ ಕಪ್ಪೆಚಿಪ್ಪು ಸಿಕ್ಕರೆ ಪಕ್ಕದವಳು ಎಸೆಯುತ್ತಾಳೆ, ನಾನೂ ಎಸೆಯುತ್ತೇನೆ. ಒಂದು ದಿನ ಗಾಳಿ ಎದ್ದಿತು. ಬಾಯಿಗೆ ಬಟ್ಟೆ ಕಟ್ಟಿದ್ದರೂ ನಾಲಿಗೆ ಉಪ್ಪಾಯಿತು. ಹುಟ್ಟಿದಾಗಿನಿಂದ ತಿಂದ ಉಪ್ಪು ಇದು, ಅವನೂ ಇದನ್ನೇ ತಿಂದ. ನನ್ನ ಒಳಗಿನವು ಸರಿ ಇವೆ, ಅವನವು ಹೋದವು. ಯಾಕೆ ಎಂದು ಯಾರೂ ಹೇಳುವುದಿಲ್ಲ.

ಇನ್ನೂ ಇಪ್ಪತ್ತು ದಿನದ ಕೆಲಸವಿತ್ತು. ಬಿಟ್ಟು ಬಂದೆ. ಬರುವಾಗ ಆಸ್ಪತ್ರೆ ದಾರಿಯಲ್ಲೇ ಇತ್ತು. ಡಾಕ್ಟರನ್ನು ಕಂಡು, "ಯಂತ್ರ ತಪ್ಪು ಹೇಳೋದುಂಟಾ?" ಎಂದು ಕೇಳಿದೆ. ಸುಮ್ಮನೆ ಕೇಳಿದೆ, ತಿಳಿದುಕೊಳ್ಳಲು. "ಅಪರೂಪ" ಎಂದರು.

ಡಿಸೆಂಬರ್ 19

ಯಾವುದೋ ದೂರದೇಶದ ವಿಜ್ಞಾನಿಗಳು ವಾರ್ಡಿಗೆ ಬಂದಿದ್ದರು. ಒಬ್ಬಳು ಚೆಂದದ ಹುಡುಗಿ ದುಭಾಷಿ. ಎಲ್ಲರ ರಕ್ತ, ಕೂದಲು, ಉಗುರು ಬೇಕಂತೆ. ನಮ್ಮ ಕಡೆಯವರ ವಂಶದ ಗುಟ್ಟು ಓದುತ್ತಾರಂತೆ.

"ಫಲಿತಾಂಶ ನಮಗೂ ಹೇಳ್ತೀರಾ?" ಎಂದು ಪರಾಖತ್ ಕೇಳಿದ.

ದುಭಾಷಿ ಅವರನ್ನು ಕೇಳಿ ಬಂದು, "ಒಬ್ಬೊಬ್ಬರಿಗೆ ಹೇಳಲ್ಲ. ಆದ್ರೆ ಇದರಿಂದ ಮನುಕುಲಕ್ಕೆ ಉಪಕಾರ ಆಗುತ್ತೆ" ಎಂದಳು.

"ಮನುಕುಲಕ್ಕೆ ನಮಸ್ಕಾರ ಹೇಳಿ" ಎಂದು ಸಹಿ ಹಾಕಿ ತೋಳು ಚಾಚಿದ. "ಹೋಗ್ಲಿ ಬಿಡಕ್ಕಾ, ನನ್ನ ರಕ್ತನಾದ್ರೂ ವಿಮಾನ ಹತ್ತಲಿ. ನಾನಂತೂ ಈ ರಾಜ್ಯ ದಾಟಿಲ್ಲ."

ಅವರು ಹೋದಮೇಲೆ ನರ್ಸ್ ಹೇಳಿದಳು, ಹತ್ತು ವರ್ಷದಲ್ಲಿ ಇದು ಆರನೇ ತಂಡ. ಒಬ್ಬರೂ ತಿರುಗಿ ಬಂದು ಏನು ಕಂಡೆವು ಎಂದು ಹೇಳಲಿಲ್ಲವಂತೆ.

ಜನವರಿ 12

ಡಯಾಲಿಸಿಸ್ ಸೂಜಿ ಚುಚ್ಚಲು ಕೈಯಲ್ಲಿ ಜೋಡಿಸಿದ್ದ ರಕ್ತನಾಳ ಕಟ್ಟಿಕೊಂಡಿತು. ಐಜಾದಾ ದಿನಾ ಕಿವಿಯಿಟ್ಟು, "ಅಪ್ಪನ ಕೈಯೊಳಗೆ ಬೆಕ್ಕು ಗುರುಗುಟ್ಟುತ್ತೆ" ಎನ್ನುತ್ತಿದ್ದ ಜಾಗ. ಇವತ್ತು ಕಿವಿಯಿಟ್ಟು, "ಬೆಕ್ಕು ಮಲಗಿದೆ" ಎಂದಳು. ಇನ್ನು ಯಂತ್ರಕ್ಕೆಂದು ಕುತ್ತಿಗೆಗೆ ಕೊಳವೆ ಹಾಕಿದ್ದಾರೆ. ಹೊರಗೆ ಮೈನಸ್ ಹದಿನೆಂಟು. ಬಸ್ಸಿನಿಂದ ಆಸ್ಪತ್ರೆ ಮೆಟ್ಟಿಲವರೆಗೆ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋದೆ. ಎಷ್ಟು ಹಗುರ!

"ಚಿಕ್ಕೋನಿದ್ದಾಗ ಹೀಗೇ ಹೊರ್ತಿದ್ದೆಯಲ್ಲಾ" ಎಂದ ಬೆನ್ನ ಮೇಲಿಂದ. "ಆಗ ಒದೀತಿದ್ದೆ. ಈಗ ಸುಮ್ನಿದ್ದೀಯ" ಎಂದೆ.

ಕೊಳವೆ ಹಾಕುವ ಹೊತ್ತಿನಲ್ಲಿ ಡಾಕ್ಟರ ಕೋಣೆಗೆ ಹೋಗಿ ಮತ್ತೊಮ್ಮೆ ರಕ್ತ ತೆಗೆದು ನೋಡಲು ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅವನಿಗೆ ಸುಮ್ಮನೆ ಆಸೆ ಹುಟ್ಟಿಸಬಾರದು. "ನೋಡ್ತೀನಿ" ಎಂದರು.

ಈಚೆಗೆ ಚಹಾ ಸೇರುವುದಿಲ್ಲ. ಅವನ ಎದುರಿಗೆ ಬಟ್ಟಲು ಹಿಡಿದರೆ ಹಾಗೇ ಕೆಳಗಿಡುತ್ತೇನೆ. ಅಭ್ಯಾಸ ತಪ್ಪಿತು, ಅಷ್ಟೆ.

ಜನವರಿ 30

ಡಾಕ್ಟರು ಸಿಗಲಿಲ್ಲ. ಬಾಗಿಲಲ್ಲಿ ಮೂರು ಗಂಟೆ ಕುಳಿತು ಬಂದೆ.

ಫೆಬ್ರವರಿ 8

ಒಳ್ಳೆಯ ದಿನ. ಯಂತ್ರದಿಂದ ಎದ್ದು ಅವನೇ ನಡೆದು ಬಂದ. ಆಸ್ಪತ್ರೆ ಹಿಂದಿನ ಬಯಲಿನಲ್ಲಿ ಗೆಳೆಯನ ಹಳೇ ಕಾರು ನಿಂತಿತ್ತು. ನನಗೆ ಓಡಿಸಲು ಕಲಿಸುತ್ತೇನೆ ಎಂದು ಹಟ ಹಿಡಿದ.

"ಕ್ಲಚ್ಚು ಅಕ್ಕಾ, ಕ್ಲಚ್ಚು! ಇರುವೆ ತುಳಿದ ಹಾಗೆ ತುಳೀಬೇಡ!"

"ನಲವತ್ತೊಂದು ವಯಸ್ಸಿಗೆ ನನಗಿದು ಯಾಕೋ?"

"ನಾನು ಹೋದ್ಮೇಲೆ ಅವ್ವನ್ನ ಯಾರು ಸುತ್ತಿಸ್ತಾರೆ?" ಎಂದವನು ನನ್ನ ಮುಖ ನೋಡಿ ತಿದ್ದಿಕೊಂಡ. "ಅಂದ್ರೆ ನಾನು ಕೆಲಸಕ್ಕೆ ಹೋದ್ಮೇಲೆ."

ಮೂರನೇ ಗೇರಿನವರೆಗೂ ಹೋದೆ. ಅವನು ಕಿಟಕಿ ಇಳಿಸಿ ದಾರಿಹೋಕರಿಗೆಲ್ಲ, "ಸರೀರಪ್ಪಾ, ಪ್ರಾಣ ಬೇಕಿದ್ರೆ ಸರೀರಿ!" ಎಂದು ಕೂಗುತ್ತಿದ್ದ. ಕಾರು ನಿಲ್ಲಿಸಿದ ಮೇಲೆ ತಟ್ಟನೆ ಕೇಳಿದ: "ಅಕ್ಕಾ, ನಿನಗೆ ಏನು ಆಗ್ಬೇಕಂತಿತ್ತು? ನಮ್ಮನ್ನ ಬಿಟ್ಟು. ನಿನಗೆ ಅಂತ."

ಯಾರೂ ಕೇಳಿರಲಿಲ್ಲ. ತಡವರಿಸಿ, "ರಸಾಯನಶಾಸ್ತ್ರದ ಟೀಚರು" ಎಂದೆ. ಅವನು ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. "ಇನ್ನೂ ಆಗಬಹುದು. ಗಟ್ಟಿಮುಟ್ಟಾಗಿದ್ದೀಯ" ಎಂದ.

ಆಗ ಹೇಳಿಬಿಡಬೇಕೆನಿಸಿತು, ನಾನು ಮತ್ತೆ ಪರೀಕ್ಷೆ ಮಾಡಿಸಲು ಡಾಕ್ಟರ ಬೆನ್ನು ಹತ್ತಿದ್ದೇನೆ ಎಂದು. ಫಲಿತಾಂಶ ಬರಲಿ, ಆಮೇಲೆ ಹೇಳೋಣ ಎಂದು ಸುಮ್ಮನಾದೆ.

ಫೆಬ್ರವರಿ 21

ಡಾಕ್ಟರನ್ನು ಮೆಟ್ಟಿಲಲ್ಲೇ ಅಡ್ಡಗಟ್ಟಿದೆ. "ನಾನೇ ತಾಷ್ಕೆಂಟ್‌ಗೆ ಹೋಗಿ ಮಾಡಿಸ್ಕೊಂಡು ಬರ್ತೀನಿ. ಒಂದು ಚೀಟಿ ಬರ್ಕೊಡಿ" ಎಂದೆ. ಅವರು ಬಹಳ ಹೊತ್ತು ಕೈಯಲ್ಲಿದ್ದ ಫೈಲಿನ ದಾರ ಬಿಚ್ಚಿ ಕಟ್ಟುತ್ತಿದ್ದರು. "ಸೋಮವಾರ ಬನ್ನಿ. ಒಬ್ಬರ ಜೊತೆ ಮಾತಾಡಬೇಕು" ಎಂದರು.

ಸೋಮವಾರ ಹೋದಾಗ, "ಪ್ರಯೋಜನ ಇಲ್ಲ ಸರ್ಬಿನಾಜ್. ಕ್ಷಮಿಸಿ" ಎಂದರು. ಅದನ್ನು ಇಲ್ಲಿ ಈಗ ಸೇರಿಸಿ ಬರೆಯುತ್ತಿದ್ದೇನೆ. ಇಡೀ ದಿನ ಆ ಬಾಗಿಲಿಗೆ ಒದೆಯಬೇಕು ಎನ್ನಿಸುತ್ತಿದೆ.

ಮಾರ್ಚ್ 11

ಕತ್ತಿನ ಕೊಳವೆಯ ಸುತ್ತ ಕೀವು. ಜ್ವರ ನಲವತ್ತು ಡಿಗ್ರಿ. ಗುರುತು ಹಿಡಿಯುತ್ತಿಲ್ಲ. ನನ್ನನ್ನು ಅಪ್ಪನ ಹೆಸರಿನಿಂದ ಕರೆದ.

ಮಾರ್ಚ್ 15

ಪರಾಖತ್ ಹೋದ. ಬೆಳಿಗ್ಗೆ ಹತ್ತೂವರೆಗೆ.

ಮಾರ್ಚ್ 22

ಏಳರ ಊಟ ಮುಗಿಯಿತು. ಮುಯ್ನಾಕ್‌ನ ಮನೆಯಲ್ಲಿದ್ದೇವೆ. ನವ್ರೂಜ್ ಹಬ್ಬವೆಂದು ಬೀದಿಯಲ್ಲಿ ಮಕ್ಕಳು ಹೊಸ ಬಟ್ಟೆ ಹಾಕಿ ಓಡುತ್ತಿದ್ದರು. ನಮ್ಮ ಬಾಗಿಲ ಮುಂದೆ ಬಂದಾಗ ಮೆಲ್ಲಗೆ ನಡೆದರು. ಯಾರು ಹೇಳಿಕೊಟ್ಟರೋ. ಅದನ್ನು ನೋಡಿ ಮೊದಲ ಸಲ ಅತ್ತೆ.

ಏಪ್ರಿಲ್ 11

ಪೆರಿಜಾತ್‌ಳ ವಿಧವಾ ಪಿಂಚಣಿಗೆ ಆಸ್ಪತ್ರೆಯ ಕಾಗದಗಳು ಬೇಕಿದ್ದವು. ಅವಳಿಗೆ ಆ ಬಾಗಿಲು ದಾಟುವ ಶಕ್ತಿಯಿಲ್ಲ. ನಾನು ಹೋದೆ. ಗುಮಾಸ್ತೆ ಇಡೀ ಫೈಲ್ ಕೈಗೆ ಕೊಟ್ಟು, "ಬೇಕಾದ ಹಾಳೆ ಹುಡುಕಿ ತೆಗೀರಿ, ನಕಲು ಮಾಡ್ಕೊಡ್ತೀನಿ" ಎಂದಳು.

ಅಕ್ಟೋಬರಿನ ಹಾಳೆ ಮಧ್ಯದಲ್ಲಿತ್ತು. ಮೇಲೆ ನನ್ನ ಹೆಸರು. ಕೆಳಗೆ ಅಂಕಿಗಳು. ಅದರ ಕೆಳಗೆ: ದಾನಿ ಹೊಂದುತ್ತಾರೆ. ಅಡ್ಡಿಯಿಲ್ಲ.

ಎರಡು ಸಲ, ಹತ್ತು ಸಲ ಓದಿದೆ. ಅದಕ್ಕೆ ಪಿನ್ ಹಾಕಿದ್ದ ಇನ್ನೊಂದು ಹಾಳೆಯಲ್ಲಿ ಪರಾಖತ್‌ನ ಸೊಟ್ಟ ಅಕ್ಷರ. ಅಕ್ಕನ ಅಂಗವನ್ನು ಪಡೆಯಲು ನನಗೆ ಒಪ್ಪಿಗೆ ಇಲ್ಲ. ಹೊಂದುವುದಿಲ್ಲ ಎಂದೇ ಅವಳಿಗೂ ನನ್ನ ತಾಯಿಗೂ ತಿಳಿಸಬೇಕು. ಸಹಿ.

ಡಾಕ್ಟರ ಕೋಣೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಒಳಗೆ ಇನ್ನೊಬ್ಬ ರೋಗಿಯಿದ್ದ. ನನ್ನ ಕೈಯಲ್ಲಿದ್ದ ಹಾಳೆ ನೋಡಿ ಡಾಕ್ಟರು ಅವನನ್ನು ಹೊರಗೆ ಕಳಿಸಿದರು.

"ಕೂತ್ಕೊಳ್ಳಿ" ಎಂದರು.

"ಕೂರಲ್ಲ."

ಅವರೂ ಎದ್ದು ನಿಂತರು. "ಫಲಿತಾಂಶ ಬಂದ ದಿನ ಮೊದಲು ಅವನಿಗೇ ಹೇಳ್ದೆ. ಖುಷಿಪಡ್ತಾನೆ ಅಂದ್ಕೊಂಡೆ. ಬೇಡ ಅಂದ. 'ನಮ್ಮಕ್ಕ ಹದಿನಾಲ್ಕನೇ ವಯಸ್ಸಿಂದ ಕೊಡ್ತಾನೇ ಬಂದಿದ್ದಾಳೆ ಡಾಕ್ಟ್ರೇ. ಇದೊಂದು ಅವಳ ಹತ್ರಾನೇ ಇರ್ಲಿ' ಅಂದ. 'ಹಾಗಾದ್ರೆ ನಾನೇ ಬೇಡ ಅಂದೆ ಅಂತ ಮನೇಲಿ ನೀನೇ ಹೇಳು' ಅಂತ ನಾನಂದೆ. 'ಹಾಗೆ ಹೇಳಿದ್ರೆ ಅವ್ವ ನನ್ನ ಕಾಲು ಹಿಡೀತಾಳೆ, ಅಕ್ಕನ ಕಾಲೂ ಹಿಡೀತಾಳೆ. ನೀವು ಹೇಳಿದ್ರೆ ಮುಗೀತು' ಅಂದ."

"ನಾನು ಮೂರು ಸಲ ಬಂದೆ."

"ಪ್ರತಿ ಸಲ ಅವನನ್ನ ಕೇಳ್ದೆ. ನಿಮ್ಮಕ್ಕ ತಾಷ್ಕೆಂಟ್‌ಗೆ ಹೋಗೋಕೂ ತಯಾರಿದ್ದಾರೆ, ಇನ್ನಾದ್ರೂ ಒಪ್ಕೋ ಅಂತ. 'ಅವಳು ಕರ್ತವ್ಯಕ್ಕೆ ಬರ್ತಾಳೆ, ಮನಸ್ಸಿಂದ ಅಲ್ಲ. ಅವಳ ಮನಸ್ಸು ನಾನು ಕಿವಿಯಾರೆ ಕೇಳಿದ್ದೀನಿ' ಅಂದ."

ಅವತ್ತು ಅಂಗಳದ ನಲ್ಲಿಯ ಸದ್ದು ಅಷ್ಟೇನೂ ಜೋರಾಗಿರಲಿಲ್ಲ.

ಹಾಳೆಯನ್ನು ಅವರ ಮೇಜಿನ ಮೇಲಿಟ್ಟೆ. "ಈ ಬಾಗಿಲು ಮುಚ್ಚಿ ನಿಮ್ಮ ಇಷ್ಟಾನಾ ಅಂತ ನನ್ನ ಕೇಳಿದ್ರಲ್ಲ ಡಾಕ್ಟ್ರೇ. ನಲವತ್ತು ವರ್ಷದಲ್ಲಿ ನನ್ನ ಹಾಗೆ ಕೇಳಿದೋರು ನೀವೊಬ್ರೇ. ಕೇಳಿ, ಆಮೇಲೆ ಸುಳ್ಳು ಹೇಳಿದ್ರಾ?"

"ರೋಗಿ ಬೇಡ ಅಂದ್ಮೇಲೆ ನಾನು ಬಲವಂತ ಮಾಡೋ ಹಾಗಿಲ್ಲ. ಅಷ್ಟು ಗೊತ್ತು" ಎಂದರು. "ನಿಮಗೆ ಸುಳ್ಳು ಹೇಳಿದ್ದು... ಅವನ ಗುಟ್ಟು ಕಾಯ್ದೆನೋ, ನಿಮ್ಮ ಹಕ್ಕು ಕಿತ್ಕೊಂಡೆನೋ. ಆರು ತಿಂಗಳಿಂದ ಯೋಚಿಸ್ತಾ ಇದ್ದೀನಿ. ನನಗೆ ಉತ್ತರ ಸಿಕ್ಕಿಲ್ಲ." ಬೈಯಬೇಕೆಂದೇ ಬಂದಿದ್ದೆ. ಹಾಳೆಯ ನಕಲು ಮಾಡಿಸಿಕೊಂಡು ಬಂದೆ.

ಏಪ್ರಿಲ್ 14

ಅವನ ಮೇಲೆ ಸಿಟ್ಟು. ಸತ್ತವನ ಮೇಲೆ ಇಷ್ಟು ಸಿಟ್ಟು ಮಾಡಬಹುದೇ? ಒಂದು ಮಾತು, ಒಂದೇ ಒಂದು ಮಾತು ನನ್ನನ್ನು ಕೇಳಬಾರದಿತ್ತೇ? ಆ ದಿನ ಕಾರಿನಲ್ಲಿ ಕುಳಿತಾಗಲಾದರೂ. ನಾನಾದರೂ ಹೇಳಿದೆನೇ? ಆಸೆ ಹುಟ್ಟಿಸಬಾರದು ಎಂದು ನಾನು ಬಾಯಿ ಮುಚ್ಚಿಕೊಂಡೆ, ಹೊರೆ ಹೊರಿಸಬಾರದು ಎಂದು ಅವನು. ಒಂದೇ ಚಾಪೆಯ ಮೇಲೆ ಕುಳಿತು ಉಣ್ಣುತ್ತಿದ್ದೆವು.

ಏಪ್ರಿಲ್ 24

ನಲವತ್ತನೆಯ ದಿನ. ಬೆಳಿಗ್ಗೆಯಿಂದ ಎಣ್ಣೆಯಲ್ಲಿ ರೊಟ್ಟಿ ಕರಿದು ಕೈಯೆಲ್ಲ ಸುಟ್ಟಿದೆ. ಅಂಗಳ ತುಂಬ ಜನ. ಮುಲ್ಲಾ ಓದಿ ಮುಗಿಸಿದ ಮೇಲೆ ಚಿಕ್ಕವ್ವ ಎಲ್ಲರ ಮುಂದೆ ನಿಟ್ಟುಸಿರು ಬಿಟ್ಟಳು: "ಒಡಹುಟ್ಟಿದವಳ ರಕ್ತಾನೇ ಹೊಂದಲಿಲ್ಲವಲ್ಲಾ. ಎಂಥಾ ಅದೃಷ್ಟ ನಮ್ಮದು!" ಅವ್ವ ನನ್ನ ಕಡೆ ನೋಡಿ ಮುಖ ತಿರುಗಿಸಿದಳು. ಅಕ್ಟೋಬರಿನಿಂದ ಹಾಗೇ ತಿರುಗಿಸುತ್ತಿದ್ದಾಳೆ.

ಹಾಳೆ ನನ್ನ ಜೇಬಿನಲ್ಲೇ ಇತ್ತು. ತೆಗೆದು ಓದಿದ್ದರೆ ಅವ್ವ ನನ್ನನ್ನು ತಬ್ಬಿಕೊಳ್ಳುತ್ತಿದ್ದಳು. ಮರುಕ್ಷಣವೇ ಗೊತ್ತಾಗುತ್ತಿತ್ತು, ಮಗ ಬದುಕಬಹುದಿತ್ತು, ತಾನೇ ಬೇಡವೆಂದು ಹೋದ ಎಂದು. ಆಮೇಲೆ ಆಕೆ ಎಷ್ಟು ದಿನ ಇರುತ್ತಿದ್ದಳು? ರೊಟ್ಟಿಯ ತಟ್ಟೆ ಎತ್ತಿಕೊಂಡು ಇನ್ನೊಂದು ಸಾಲಿಗೆ ಹೋದೆ.

ಸಂಜೆ ಎಲ್ಲರೂ ಹೋದಮೇಲೆ ಆ ಹಾಳೆಯನ್ನು ಒಲೆಗೆ ಹಾಕಿದೆ. ಪೆರಿಜಾತ್ ದೊಡ್ಡ ಕಡಾಯಿ ಉಜ್ಜುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ಅಕ್ಕಾ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಅವತ್ತು ಹೊಂದಿದ್ರೆ ನೀವು ಕೊಡ್ತಿದ್ರಾ?"

"ಕೊಡ್ತಿದ್ದೆ" ಎಂದೆ.

ಅವಳು ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ನಾನು ಹೇಳಿದ್ದು ನಿಜವೋ ಸುಳ್ಳೋ ನನಗೇ ತಿಳಿಯದು. ತಾಷ್ಕೆಂಟ್‌ನ ಆ ಮೇಜಿನ ಮೇಲೆ ಮಲಗಿದ್ದರೆ ತಿಳಿಯುತ್ತಿತ್ತು. ಎದ್ದು ಓಡಿಬರುತ್ತಿದ್ದೆನೋ ಏನೋ. ಇನ್ನು ಯಾವತ್ತೂ ತಿಳಿಯುವುದಿಲ್ಲ.

ಕಣ್ಣೊರೆಸಿಕೊಂಡು ಅವಳು ಒಂದು ಚೀಟಿ ತೋರಿಸಿದಳು. ಅಪ್ಪನಿಗೆ ಹೀಗಾದ್ದರಿಂದ ಐಜಾದಾಳ ಮೂತ್ರ, ರಕ್ತ ವರ್ಷಕ್ಕೊಮ್ಮೆ ನೋಡಿಸಬೇಕೆಂದು ಆಸ್ಪತ್ರೆಯವರು ಕಳಿಸಿದ್ದಾರೆ. ಪೆರಿಜಾತ್ ಚೀಟಿಯನ್ನು ನನ್ನ ಕೈಗೇ ತುರುಕಿದಳು. "ಹೆದರಬೇಡ, ನಾನೇ ಕರ್ಕೊಂಡು ಹೋಗ್ತೀನಿ" ಎಂದೆ. ಗುರುವಾರ ಬೆಳಿಗ್ಗೆಯ ಬಸ್ಸು. ಮಗುವಿಗೆ ಏನೂ ಇರಲಾರದು. ಇದ್ದರೂ ಅವಳ ರಕ್ತದ ಗುಂಪು ಅಪ್ಪನದೇ, ನನ್ನದೂ ಅದೇ. ನನ್ನವು ಎರಡೂ ಚೆನ್ನಾಗಿವೆ.